ಗಲ್ಲಾಪೆಟ್ಟಿಗೆ ಹೇಳದ ಲೆಕ್ಕ

1994ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ 'ದಿ ಶಾಶಾಂಕ್ ರಿಡೆಂಪ್ಷನ್' ಎಂಬ ಚಿತ್ರ ತೆರೆಕಂಡಿತು. ಮಾಡದ ಕೊಲೆಗೆ ಜೈಲು ಸೇರಿದ ಬ್ಯಾಂಕ್ ಅಧಿಕಾರಿಯೊಬ್ಬನ ಕಥೆ. ನಿರ್ಮಾಣಕ್ಕೆ ತಗುಲಿದ ವೆಚ್ಚ ಸುಮಾರು 2.5 ಕೋಟಿ ಡಾಲರ್. ಮೊದಲ ಸುತ್ತಿನ ಪ್ರದರ್ಶನದಲ್ಲಿ ಅಲ್ಲಿನ ಚಿತ್ರಮಂದಿರಗಳಲ್ಲಿ ಸಂಗ್ರಹವಾದದ್ದು ಸುಮಾರು 1.6 ಕೋಟಿ ಡಾಲರ್ ಮಾತ್ರ. ಏಳು ಆಸ್ಕರ್ ನಾಮನಿರ್ದೇಶನಗಳು ಬಂದವೆಂದು ಮತ್ತೆ ತೆರೆಗೆ ತಂದಾಗ ಈ ಮೊತ್ತ 2.8 ಕೋಟಿಗೆ ಏರಿತು. ಆಸ್ಕರ್ ಒಂದೂ ಕೈಗೆ ಸಿಗಲಿಲ್ಲ. ನಮ್ಮ ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ಚಿತ್ರ ತೋಪೆದ್ದಿತ್ತು.

ಆದರೆ ಇದೇ ಚಿತ್ರ ಮುಂದೆ ವೀಕ್ಷಕರೇ ಮತ ಹಾಕುವ ಅಂತರ್ಜಾಲದ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ನಿಂತಿತು. ಸೋತ ಚಿತ್ರ ಗೆದ್ದದ್ದು ಎಲ್ಲಿ? ಉತ್ತರ ಚಿತ್ರಮಂದಿರದಲ್ಲಿಲ್ಲ, ಬೀದಿ ಮೂಲೆಯ ವಿಡಿಯೋ ಅಂಗಡಿಯಲ್ಲಿದೆ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಸಿನಿಮಾದ ಜಮಾ-ಖರ್ಚನ್ನು ಸ್ವಲ್ಪ ಬಿಡಿಸಿ ನೋಡಬೇಕು.

ರೂಪಾಯಿಗೆ ಎಂಟಾಣೆ

ಪತ್ರಿಕೆಗಳಲ್ಲಿ ನಾವು ಓದುವ 'ಕಲೆಕ್ಷನ್' ಎಂದರೆ ಪ್ರೇಕ್ಷಕರು ಟಿಕೆಟ್ ಕಿಟಕಿಯಲ್ಲಿ ಕೊಟ್ಟ ಹಣ. ಅದು ನಿರ್ಮಾಪಕನ ಜೇಬಿಗೆ ಬಂದ ಹಣವಲ್ಲ. ಅಮೆರಿಕದಲ್ಲಿ ಸ್ಥೂಲವಾಗಿ ಅದರ ಅರ್ಧ ಚಿತ್ರಮಂದಿರದವರ ಪಾಲು. ಉಳಿದರ್ಧ ಚಿತ್ರವನ್ನು ವಿತರಿಸಿದ ಸ್ಟುಡಿಯೋಗೆ. ಹೊರದೇಶಗಳಲ್ಲಿ ಸ್ಟುಡಿಯೋ ಪಾಲು ಸಾಮಾನ್ಯವಾಗಿ ಇನ್ನೂ ಕಡಿಮೆ.

'ಬಜೆಟ್' ಎಂಬ ಮಾತೂ ಅಷ್ಟೇ ಅರ್ಧಸತ್ಯ. ಪ್ರಕಟವಾಗುವ ಬಜೆಟ್, ಚಿತ್ರದ ಮೊದಲ ಪ್ರತಿ ಸಿದ್ಧವಾಗುವವರೆಗಿನ ಖರ್ಚು. ಪ್ರತಿಗಳನ್ನು ತೆಗೆಸುವುದು, ಜಾಹೀರಾತು, ಪ್ರಚಾರ ಇದರಲ್ಲಿ ಸೇರಿಲ್ಲ. 2007ರಲ್ಲಿ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳ ಒಂದು ಚಿತ್ರಕ್ಕೆ ಸರಾಸರಿ ನಿರ್ಮಾಣ ವೆಚ್ಚ ಸುಮಾರು 7 ಕೋಟಿ ಡಾಲರ್ ಆಗಿದ್ದರೆ, ಅದನ್ನು ಜನರಿಗೆ ತಲುಪಿಸುವ ವೆಚ್ಚ 3.5 ಕೋಟಿಗೂ ಹೆಚ್ಚಿತ್ತು. ಮದುವೆ ಖರ್ಚಿಗಿಂತ ದಿಬ್ಬಣದ ಖರ್ಚು ಕಡಿಮೆಯೇನಲ್ಲ ಎಂಬಂತೆ!

ಆದ್ದರಿಂದಲೇ, ಬಜೆಟ್‌ನ ಎರಡು ಅಥವಾ ಎರಡೂವರೆ ಪಟ್ಟು ಕಲೆಕ್ಷನ್ ಬಂದರೆ ಮಾತ್ರ ಚಿತ್ರಮಂದಿರದಲ್ಲೇ ಅಸಲು ಹುಟ್ಟುತ್ತದೆ ಎಂಬುದು ಉದ್ಯಮದವರ ಕೈಲೆಕ್ಕ. 1995ರಲ್ಲಿ ಬಂದ ಕೆವಿನ್ ಕಾಸ್ಟ್ನರ್ ಅಭಿನಯದ 'ವಾಟರ್‌ವರ್ಲ್ಡ್' ಚಿತ್ರವನ್ನೇ ನೋಡಿ. ವೆಚ್ಚ ಸುಮಾರು 17.5 ಕೋಟಿ ಡಾಲರ್. ಜಗತ್ತಿನಾದ್ಯಂತ ಕಲೆಕ್ಷನ್ ಸುಮಾರು 26.4 ಕೋಟಿ. ಮೇಲ್ನೋಟಕ್ಕೆ 9 ಕೋಟಿ ಲಾಭ. ಅರ್ಧವನ್ನು ಚಿತ್ರಮಂದಿರಗಳಿಗೆ ಬಿಟ್ಟು ನೋಡಿದರೆ ಉಳಿಯುವುದು 13 ಕೋಟಿ ಚಿಲ್ಲರೆ. ಪ್ರಚಾರದ ಖರ್ಚು ಸೇರಿಸುವ ಮೊದಲೇ ನಷ್ಟ.

ಶತ್ರುವೇ ಅನ್ನದಾತನಾದ

ಈ ನಷ್ಟದ ಹಳ್ಳವನ್ನು ತುಂಬಿದ್ದು ವಿಡಿಯೋ ಕ್ಯಾಸೆಟ್. ವಿಚಿತ್ರವೆಂದರೆ ಹಾಲಿವುಡ್ ಅದನ್ನು ಮೊದಲು ಕಂಡದ್ದು ಶತ್ರುವಿನಂತೆ. 1975ರಲ್ಲಿ ಸೋನಿ ಕಂಪನಿ ಬೀಟಾಮ್ಯಾಕ್ಸ್ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ನ್ಯಾಯಾಲಯದ ಮೆಟ್ಟಿಲೇರಿದವು. ಜನ ಮನೆಯಲ್ಲೇ ಟಿವಿಯಿಂದ ಚಿತ್ರಗಳನ್ನು ಮುದ್ರಿಸಿಕೊಂಡರೆ ನಮ್ಮ ಗತಿಯೇನು ಎಂಬುದು ಅವರ ಅಳಲು. ಚಿತ್ರೋದ್ಯಮದ ವಕ್ತಾರ ಜ್ಯಾಕ್ ವ್ಯಾಲೆಂಟಿ 1982ರಲ್ಲಿ ಸಂಸತ್ ಸಮಿತಿಯ ಮುಂದೆ ಈ ಯಂತ್ರವನ್ನು ಒಂಟಿ ಮಹಿಳೆಯರ ಕತ್ತು ಹಿಸುಕುತ್ತಿದ್ದ ಕುಖ್ಯಾತ ಕೊಲೆಗಾರನಿಗೆ ಹೋಲಿಸಿದರು. 1984ರ ಜನವರಿಯಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಸೋನಿ ಪರ ತೀರ್ಪು ನೀಡಿತು. ಸ್ಟುಡಿಯೋಗಳು ಸೋತವು. ಆ ಸೋಲೇ ಅವುಗಳ ಭಾಗ್ಯವಾಯಿತು.

ಏಕೆಂದರೆ ಅಷ್ಟರಲ್ಲಾಗಲೇ ಮಿಷಿಗನ್ ರಾಜ್ಯದ ಆಂಡ್ರೆ ಬ್ಲೇ ಎಂಬ ಸಣ್ಣ ಉದ್ಯಮಿ ದಾರಿ ತೋರಿಸಿದ್ದರು. 1977ರಲ್ಲಿ ಅವರು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯಿಂದ 50 ಹಳೆಯ ಚಿತ್ರಗಳ ಹಕ್ಕು ಪಡೆದು ಕ್ಯಾಸೆಟ್ ಮಾಡಿ ಮಾರತೊಡಗಿದರು. ಎರಡೇ ವರ್ಷಗಳಲ್ಲಿ ಫಾಕ್ಸ್ ಅವರ ಕಂಪನಿಯನ್ನೇ ಕೊಂಡುಕೊಂಡಿತು. 1980ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಸ್ಟುಡಿಯೋಗಳಿಗೆ ಚಿತ್ರಮಂದಿರಗಳಿಗಿಂತ ವಿಡಿಯೋದಿಂದಲೇ ಹೆಚ್ಚು ಆದಾಯ ಬರುತ್ತಿತ್ತು.

ಶಾಶಾಂಕ್ ಚಿತ್ರಕ್ಕೆ ಮತ್ತೆ ಬರೋಣ. 1995ರಲ್ಲಿ ವಾರ್ನರ್ ಸಂಸ್ಥೆ ಅದರ ಸುಮಾರು 3.2 ಲಕ್ಷ ಕ್ಯಾಸೆಟ್‌ಗಳನ್ನು ಬಾಡಿಗೆ ಅಂಗಡಿಗಳಿಗೆ ಕಳುಹಿಸಿತು. ಬಾಡಿಗೆಗೆ ಕೊಡುವ ಕ್ಯಾಸೆಟ್‌ಗೆ ಆಗ 80-90 ಡಾಲರ್ ಮುಖಬೆಲೆ ಇಡುವುದು ವಾಡಿಕೆ. ಒಮ್ಮೆ ಕೊಂಡ ಅಂಗಡಿಯವನು ಎಷ್ಟು ಸಲ ಬಾಡಿಗೆಗೆ ಕೊಟ್ಟರೂ ಸ್ಟುಡಿಯೋಗೆ ಮತ್ತೆ ಕಾಸು ಕೊಡಬೇಕಿರಲಿಲ್ಲ. ಹಾಗಾಗಿಯೇ ಈ ದುಬಾರಿ ಬೆಲೆ. ಸಗಟು ದರದಲ್ಲಿ ಒಂದಕ್ಕೆ 50 ಡಾಲರ್ ಎಂದು ಹಿಡಿದರೂ 1.6 ಕೋಟಿ ಡಾಲರ್ ಆಯಿತು. ಮೊದಲ ಸುತ್ತಿನ ಇಡೀ ಗಲ್ಲಾಪೆಟ್ಟಿಗೆಯ ಮೊತ್ತ ಎಷ್ಟೋ ಅಷ್ಟೇ. ಆದರೆ ಇಲ್ಲಿ ಚಿತ್ರಮಂದಿರದವರಿಗೆ ಎಂಟಾಣೆ ಬಿಡುವ ಪ್ರಮೇಯವಿಲ್ಲ. ಆ ವರ್ಷ ಅತಿ ಹೆಚ್ಚು ಬಾಡಿಗೆಗೆ ಹೋದ ಚಿತ್ರಗಳ ಸಾಲಿಗೆ ಅದು ಸೇರಿತು. 1997ರಿಂದ ಟಿಎನ್‌ಟಿ ಚಾನೆಲ್ ಅದನ್ನು ಮತ್ತೆ ಮತ್ತೆ ಪ್ರಸಾರ ಮಾಡಿತು.

1997ರಲ್ಲಿ ಡಿವಿಡಿ ಬಂದ ಮೇಲಂತೂ ಸುಗ್ಗಿ. ಒಂದು ತಟ್ಟೆ ತಯಾರಿಸಲು ಒಂದೆರಡು ಡಾಲರ್. ಸಗಟು ಬೆಲೆ 15 ಡಾಲರ್ ಆಸುಪಾಸು. ಜನ ಬಾಡಿಗೆ ಬಿಟ್ಟು ಕೊಂಡುಕೊಳ್ಳತೊಡಗಿದರು. 2000ದ ದಶಕದ ಮಧ್ಯಭಾಗದಲ್ಲಿ ಅಮೆರಿಕನ್ನರು ಮನೆ ವಿಡಿಯೋ ಮೇಲೆ ವರ್ಷಕ್ಕೆ 2000 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡುತ್ತಿದ್ದರು. ಟಿಕೆಟ್ ಮೇಲಿನ ಖರ್ಚು ಸುಮಾರು 900 ಕೋಟಿ. 1997ರ 'ಆಸ್ಟಿನ್ ಪವರ್ಸ್' ಹಾಸ್ಯಚಿತ್ರ ಚಿತ್ರಮಂದಿರಗಳಲ್ಲಿ ಸಾಧಾರಣ ಗಳಿಕೆ ಕಂಡು, ವಿಡಿಯೋದಲ್ಲಿ ಮನೆಮಾತಾಯಿತು. 1999ರಲ್ಲಿ ಬಂದ ಎರಡನೇ ಭಾಗ, ಮೊದಲ ಭಾಗ ಇಡೀ ಅಮೆರಿಕದಲ್ಲಿ ಒಟ್ಟು ಗಳಿಸಿದ್ದನ್ನು ಮೊದಲ ವಾರಾಂತ್ಯದಲ್ಲೇ ಮೀರಿಸಿತು.

ಎಂಬತ್ತು ಭಾಗ ಎಲ್ಲಿ ಹೋಯಿತು?

ಇಷ್ಟೊಂದು ಹಣ ಬಂದರೂ, ಲಾಭದಲ್ಲಿ ಪಾಲು ಕೊಡುತ್ತೇವೆಂದು ಕರಾರು ಮಾಡಿಸಿಕೊಂಡ ಬರಹಗಾರ, ನಟರಿಗೆ ಮಾತ್ರ 'ಲಾಭವೇ ಬಂದಿಲ್ಲ' ಎಂಬ ಉತ್ತರ ಸಿಗುತ್ತಿತ್ತು. ಇದು ಹೇಗೆ?

ಗುಟ್ಟು ಒಂದು ಹಳೆಯ ಸೂತ್ರದಲ್ಲಿದೆ. ಕ್ಯಾಸೆಟ್ ಹೊಸದಾಗಿದ್ದಾಗ ತಯಾರಿಕೆ ದುಬಾರಿ, ಮಾರುಕಟ್ಟೆ ಅನಿಶ್ಚಿತ ಎಂಬ ಕಾರಣ ಕೊಟ್ಟು, ವಿಡಿಯೋದಿಂದ ಬಂದ ಪ್ರತಿ 100 ಡಾಲರ್‌ನಲ್ಲಿ 20 ಡಾಲರನ್ನು ಮಾತ್ರ ಚಿತ್ರದ ಲೆಕ್ಕಕ್ಕೆ ಜಮಾ ಮಾಡುವ ಪದ್ಧತಿ ಬಂತು. ಉಳಿದ 80 ಸ್ಟುಡಿಯೋದ ವಿಡಿಯೋ ವಿಭಾಗಕ್ಕೆ. ಆ ವಿಭಾಗವೂ ಸ್ಟುಡಿಯೋದ್ದೇ! ತಯಾರಿಕಾ ವೆಚ್ಚ ಕುಸಿಯಿತು, ಸೂತ್ರ ಮಾತ್ರ ಕದಲಲಿಲ್ಲ. ಕಾರ್ಮಿಕ ಒಪ್ಪಂದಗಳಲ್ಲೂ ಇದೇ ಸೂತ್ರ ನುಸುಳಿದ್ದರಿಂದ, ಒಂದು ಡಿವಿಡಿ ಮಾರಾಟವಾದರೆ ಚಿತ್ರಕಥೆ ಬರೆದವನಿಗೆ ಸಿಗುತ್ತಿದ್ದದ್ದು ನಾಲ್ಕೈದು ಸೆಂಟ್. 2007ರ ನವೆಂಬರಿನಲ್ಲಿ ಬರಹಗಾರರು ಮುಷ್ಕರ ಹೂಡಿ 100 ದಿನ ಬೀದಿಯಲ್ಲಿ ನಿಂತದ್ದರ ಹಿಂದೆ ಈ ಕಹಿ ನೆನಪಿತ್ತು. ಕ್ಯಾಸೆಟ್ ಕಾಲದಲ್ಲಿ ಮೋಸಹೋದೆವು, ಅಂತರ್ಜಾಲದ ಕಾಲದಲ್ಲಿ ಹಾಗಾಗಬಾರದು ಎಂಬುದು ಅವರ ಹಟ.

2010ರಲ್ಲಿ ಸೋರಿಕೆಯಾದ ಲೆಕ್ಕಪತ್ರವೊಂದು ಈ ಜಮಾ-ಖರ್ಚಿನ ಮತ್ತೊಂದು ಮುಖ ತೋರಿಸಿತು. 2007ರ ಹ್ಯಾರಿ ಪಾಟರ್ ಚಿತ್ರ ಜಗತ್ತಿನಾದ್ಯಂತ 90 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹಿಸಿತ್ತು. ಆದರೆ ಪುಸ್ತಕದಲ್ಲಿ 16.7 ಕೋಟಿ ನಷ್ಟ! ಸ್ಟುಡಿಯೋ ತನಗೆ ತಾನೇ ವಿತರಣಾ ಶುಲ್ಕವೆಂದು 21 ಕೋಟಿಗೂ ಹೆಚ್ಚು, ಬಡ್ಡಿಯೆಂದು 5.7 ಕೋಟಿ ಕಳೆದುಕೊಂಡಿತ್ತು. ಬಲಗೈ ಎಡಗೈಗೆ ಸಾಲ ಕೊಟ್ಟು ಬಡ್ಡಿ ವಸೂಲಿ ಮಾಡಿದಂತೆ.

ಎರಡನೇ ಆಟ ನಿಂತಾಗ

ನಮ್ಮಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು. 1982ರ ಏಷ್ಯನ್ ಕ್ರೀಡಾಕೂಟದ ಸುಮಾರಿಗೆ ಬಂದ ವಿಸಿಆರ್, ನಿರ್ಮಾಪಕರಿಗೆ ತಂದದ್ದು ಆದಾಯಕ್ಕಿಂತ ಹೆಚ್ಚಾಗಿ ಕಳ್ಳ ನಕಲಿನ ಕಾಟ. ಅದನ್ನು ತಡೆಯಲೆಂದೇ 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ವಿಡಿಯೋ ಕೋಚ್ ಬಸ್ಸುಗಳಲ್ಲಿ ರಾತ್ರಿಯಿಡೀ ಸಿನಿಮಾ ನೋಡಿದ ಹಿರಿಯ ಓದುಗರಿಗೆ ಆ ದಿನಗಳು ನೆನಪಿರಬಹುದು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ ಮಾರಿ ನಕಲಿಗೆ ಸಡ್ಡು ಹೊಡೆಯಲು ನೋಡಿತು. ಆದರೂ ಇಲ್ಲಿ ಚಿತ್ರದ ಎರಡನೇ ಬದುಕು ಟಿವಿ ಹಕ್ಕಿನಲ್ಲೋ ಮರುಬಿಡುಗಡೆಯಲ್ಲೋ ಇತ್ತು. 1995ರ 'ಓಂ' ಚಿತ್ರ ವರ್ಷಗಟ್ಟಲೆ ಟಿವಿಗೆ ಹೋಗದೆ ರಾಜ್ಯದ ಚಿತ್ರಮಂದಿರಗಳಿಗೇ ಮತ್ತೆ ಮತ್ತೆ ಬಂದದ್ದು ಇದಕ್ಕೆ ಸಾಕ್ಷಿ.

ಹಾಲಿವುಡ್‌ನಲ್ಲಿ ಡಿವಿಡಿ ಮಾರಾಟ 2000ದ ದಶಕದ ಕೊನೆಗೆ ಕುಸಿಯಿತು. 2010ರಲ್ಲಿ ಬ್ಲಾಕ್‌ಬಸ್ಟರ್ ಎಂಬ ದೈತ್ಯ ಬಾಡಿಗೆ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಇದರ ಪೆಟ್ಟು ಯಾರಿಗೆ? ನಟ ಮ್ಯಾಟ್ ಡೇಮನ್ 2021ರ ಸಂದರ್ಶನವೊಂದರಲ್ಲಿ, ಪಿಯಾನೋ ವಾದಕ ಲಿಬರಾಚಿಯ ಬದುಕಿನ ಮೇಲಿನ ತಮ್ಮ ಚಿತ್ರದ ಬಗ್ಗೆ ಸ್ಟುಡಿಯೋ ಅಧಿಕಾರಿಯೊಬ್ಬರು ಹಾಕಿಕೊಟ್ಟ ಲೆಕ್ಕವನ್ನು ವಿವರಿಸಿದ್ದರು. ನಿರ್ಮಾಣಕ್ಕೆ 2.5 ಕೋಟಿ, ಪ್ರಚಾರಕ್ಕೆ ಅಷ್ಟೇ, ಒಟ್ಟು 5 ಕೋಟಿ. ಚಿತ್ರಮಂದಿರದವರ ಅರ್ಧ ಬಿಟ್ಟರೆ, 10 ಕೋಟಿ ಡಾಲರ್ ಕಲೆಕ್ಷನ್ ಬಂದ ಮೇಲಷ್ಟೇ ಲಾಭದ ಮಾತು. ಹಿಂದೆ ಡಿವಿಡಿ ಇತ್ತು, ಚಿತ್ರಮಂದಿರದಲ್ಲಿ ಅಷ್ಟು ಬರದಿದ್ದರೂ ಕಾಯಬಹುದಿತ್ತು. ಆ ಚಿತ್ರ ಕೊನೆಗೆ 2013ರಲ್ಲಿ ಅಮೆರಿಕದಲ್ಲಿ ಎಚ್‌ಬಿಒ ಟಿವಿಯಲ್ಲಿ ಬಂತು.

ಗಮನಿಸಿ, ಅದೇ 2.5 ಕೋಟಿ ಡಾಲರ್. ಶಾಶಾಂಕ್ ಚಿತ್ರದ ಬಜೆಟ್ಟೂ ಅಷ್ಟೇ. ಒಟಿಟಿ ಇದೆಯಲ್ಲ ಎನ್ನಬಹುದು. ಆದರೆ ಅಲ್ಲಿ ಸಾಮಾನ್ಯವಾಗಿ ಮುಂಗಡವಾಗಿ ಒಂದು ಮೊತ್ತ ಕೊಟ್ಟು ಹಕ್ಕು ಕೊಳ್ಳುತ್ತಾರೆ. ಹತ್ತು ಜನ ನೋಡಿದರೂ ಹತ್ತು ಕೋಟಿ ಜನ ನೋಡಿದರೂ ಮಾಡಿದವನಿಗೆ ಬರುವುದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. 2023ರಲ್ಲಿ ಬರಹಗಾರರು 148 ದಿನ ಮತ್ತೆ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ.

ಮುಂದಿನ ಸಲ 'ಮೂರೇ ದಿನದಲ್ಲಿ ನೂರು ಕೋಟಿ' ಎಂಬ ತಲೆಬರಹ ಕಂಡಾಗ ನೆನಪಿಡಿ, ಅದು ಟಿಕೆಟ್ ಕಿಟಕಿಯ ಮಾತು. ಅದರಲ್ಲಿ ಯಾರಿಗೆಷ್ಟು ಎಂಬುದು ಆ ಕಿಟಕಿಯಿಂದ ಕಾಣುವುದಿಲ್ಲ. ಮೊದಲ ವಾರ ಖಾಲಿ ಕುರ್ಚಿಗಳ ಮುಂದೆ ಓಡಿದ ಚಿತ್ರವೊಂದು ನಿಧಾನವಾಗಿ, ಮನೆಯಿಂದ ಮನೆಗೆ ಹೋಗಿ ತನ್ನ ಜನರನ್ನು ಹುಡುಕಿಕೊಳ್ಳಲು ಕ್ಯಾಸೆಟ್ ಕಾಲ ಅವಕಾಶ ಕೊಟ್ಟಿತ್ತು. ಅಂಥ ಚಿತ್ರ ಇಂದು ಕಾಗದದ ಮೇಲಿನ ಲೆಕ್ಕದಲ್ಲೇ ಸೋತು, ಕ್ಯಾಮೆರಾ ಮುಂದೆ ಬರುವ ಮೊದಲೇ ಮುಗಿದುಹೋಗಬಹುದು.