ಕಡಲು ಊರೊಳಗೆ ಬಂದ ದಿನದ ಲೆಕ್ಕ

ಜಗತ್ತಿನ ಘೋರ ಭೂಕಂಪಗಳ ಹಳೆಯ ಪಟ್ಟಿ ಯಾವುದನ್ನೇ ತೆಗೆಯಿರಿ, ‘1737, ಕಲ್ಕತ್ತ, ಸತ್ತವರು 3 ಲಕ್ಷ’ ಎಂಬ ಸಾಲು ಮೇಲುಗಡೆಯೇ ಸಿಗುತ್ತದೆ. ವಿಶ್ವಕೋಶವನ್ನು ನೋಡಿ ಪಠ್ಯಪುಸ್ತಕ, ಪಠ್ಯಪುಸ್ತಕ ನೋಡಿ ಕ್ವಿಜ್ ಪುಸ್ತಕ, ಹೀಗೆ ನಕಲಿನ ಮೇಲೆ ನಕಲಾಗಿ ಇನ್ನೂರೈವತ್ತು ವರ್ಷ ಈ ಸಾಲು ಬಾಳಿತು. ಯಾರೂ ‘ಹೌದೇ?’ ಎಂದು ಕೇಳಲಿಲ್ಲ.

ಕೇಳಿದವರು ರೋಜರ್ ಬಿಲ್ಹಮ್. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಭೂಕಂಪ ವಿಜ್ಞಾನಿ. 1994ರಲ್ಲಿ ಅವರು ಈ ಸಾಲಿನ ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು 1738ರಲ್ಲಿ ಲಂಡನ್ನಿನ ಮಾಸಪತ್ರಿಕೆಗಳು ಅಚ್ಚು ಹಾಕಿದ ಹಡಗುಸುದ್ದಿ. ಗಂಗೆಯ ನೀರು 40 ಅಡಿ ಏರಿತಂತೆ, 20 ಸಾವಿರ ನಾವೆಗಳು ಹೋದುವಂತೆ, 3 ಲಕ್ಷ ಜನ ಸತ್ತರಂತೆ. ಅಂದಿನ ಕಲ್ಕತ್ತದ ಜನಸಂಖ್ಯೆಯೇ ಅಷ್ಟಿರಲಿಲ್ಲ. ಅದೇ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಕಡತಗಳಲ್ಲಿ ಇನ್ನೊಂದು ವರದಿ ಇತ್ತು. ಊರಿನ ಕಂದಾಯ ನೋಡಿಕೊಳ್ಳುತ್ತಿದ್ದ ಅಧಿಕಾರಿ ಬರೆದದ್ದು. ಹುಲ್ಲುಗುಡಿಸಲುಗಳು ಬಹುಪಾಲು ನೆಲಸಮವಾಗಿವೆ, ಸತ್ತವರು ಸುಮಾರು 3 ಸಾವಿರ ಎಂದು ಅದರಲ್ಲಿತ್ತು. ಭೂಮಿ ನಡುಗಿತು ಎನ್ನುವುದಕ್ಕಂತೂ ಗಟ್ಟಿ ಸಾಕ್ಷಿಯೇ ಸಿಗಲಿಲ್ಲ. ಆ ಅಕ್ಟೋಬರ್ ರಾತ್ರಿ ಬಂದದ್ದು ಚಂಡಮಾರುತ. ಅದರ ಬೆನ್ನಿಗೆ ಬಂಗಾಳ ಕೊಲ್ಲಿಯ ನೀರು ಹೂಗ್ಲಿ ನದಿಯೊಳಕ್ಕೆ ನುಗ್ಗಿತ್ತು.

ಗುಡಿಸಲು ಬಿದ್ದರೆ ತೆರಿಗೆ ಬಾರದು, ಜನ ಸತ್ತರೆ ಕಂದಾಯ ಬಾರದು. ಆದ್ದರಿಂದ ಆ ಅಧಿಕಾರಿ ಎಣಿಸಿಯೇ ಬರೆದಿರಬೇಕು. ಆದರೆ ಅವನ ಲೆಕ್ಕ ಊರಿನ ಗಡಿಗೆ ನಿಲ್ಲುತ್ತದೆ. ಕೆಳಗಿನ ನದೀಮುಖದಲ್ಲಿ, ಕಂಪನಿಗೆ ತೆರಿಗೆ ಕಟ್ಟದ ಹಳ್ಳಿಗಳಲ್ಲಿ ಎಷ್ಟು ಜನ ಕೊಚ್ಚಿಹೋದರು ಎಂಬುದನ್ನು ಬರೆದಿಡುವ ಅಗತ್ಯ ಯಾರಿಗೂ ಇರಲಿಲ್ಲ. ಕಡಲು ಉಕ್ಕಿ ನೆಲಕ್ಕೆ ಬಂದ ಪ್ರಕರಣಗಳ ಇತಿಹಾಸ ಬಹುಮಟ್ಟಿಗೆ ಹೀಗೆಯೇ ಸಿಕ್ಕಿದೆ. ಬೇರೆ ಯಾವುದೋ ಕೆಲಸಕ್ಕೆ ಇಟ್ಟ ಲೆಕ್ಕದ ಪುಸ್ತಕದ ಅಂಚಿನಲ್ಲಿ.

ಅಂಕಿಗಳ ಮಾತು ಬಂತು. ಇಂಥದ್ದೇ ಇನ್ನೊಂದು ಪಟ್ಟಿಯಲ್ಲಿ, ಗೋದಾವರಿ ಸಮುದ್ರ ಸೇರುವ ಕಡೆಯ ಕೋರಂಗಿ ಬಂದರು 1839ರ ನವೆಂಬರಿನಲ್ಲಿ ನಾಶವಾದದ್ದರ ವಿವರವಿದೆ. 40 ಅಡಿ ನೀರು, 20 ಸಾವಿರ ನಾವೆ, 3 ಲಕ್ಷ ಸಾವು. ನೂರೆರಡು ವರ್ಷದ ಅಂತರದಲ್ಲಿ ಎರಡು ಬೇರೆ ಬೇರೆ ಊರುಗಳಲ್ಲಿ ಮೂರೂ ಅಂಕಿ ಒಂದೇ ಆಗುವುದುಂಟೇ? ಕಲ್ಕತ್ತದ ಸಾಲು ಯಾರದೋ ಕೈತಪ್ಪಿನಿಂದ ಕೋರಂಗಿಗೆ ಜಿಗಿದಿದೆ ಎಂಬುದೇ ನನ್ನ ಗುಮಾನಿ. ಕೋರಂಗಿ ಹಾಳಾದದ್ದು ಮಾತ್ರ ನಿಜ. ಹದಿನೆಂಟನೇ ಶತಮಾನದ ಕೊನೆಯಲ್ಲೂ ಒಮ್ಮೆ ಆ ಊರು ಮುಳುಗಿತ್ತು. ಮೂರು ದೈತ್ಯ ಅಲೆಗಳು ಒಂದರ ಹಿಂದೊಂದು ಬಂದವು, ಮೊದಲನೆಯದು ಲಂಗರು ಹಾಕಿದ್ದ ಹಡಗುಗಳನ್ನು ನೆಲಕ್ಕೆ ಎಸೆಯಿತು, ಮೂರನೆಯದು ಎಲ್ಲವನ್ನೂ ಮುಳುಗಿಸಿತು ಎಂಬ ಭಯಾನಕ ವರ್ಣನೆ ಉಳಿದುಬಂದಿದೆ.

ಈ ವರ್ಣನೆಗಳನ್ನೆಲ್ಲ ಒಂದೆಡೆ ಕಲೆಹಾಕಿ, ಇದರಲ್ಲಿ ಏನಾದರೂ ನಿಯಮ ಇದೆಯೇ ಎಂದು ಮೊದಲು ಪಟ್ಟಾಗಿ ಕೂತವನು ಹೆನ್ರಿ ಪಿಡಿಂಗ್ಟನ್. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಹುಟ್ಟಿದವನು, ವ್ಯಾಪಾರಿ ಹಡಗುಗಳಲ್ಲಿ ಕಪ್ತಾನನಾಗಿದ್ದವನು, ಆಮೇಲೆ ಕಲ್ಕತ್ತದಲ್ಲಿ ನೆಲೆನಿಂತವನು. ಹಡಗು ಅಪಘಾತಗಳ ವಿಚಾರಣೆ ನಡೆಸುವ ನ್ಯಾಯಮಂಡಳಿಯ ಅಧ್ಯಕ್ಷತೆ ಅವನದಾಗಿತ್ತು. ಹಾಗಾಗಿ ಕಪ್ತಾನರ ದಿನಚರಿ ಪುಸ್ತಕಗಳು ಅವನ ಮೇಜಿಗೆ ಬರುತ್ತಿದ್ದವು. ಯಾವ ಗಂಟೆಯಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತು, ವಾಯುಭಾರ ಮಾಪಕ ಎಷ್ಟು ಇಳಿಯಿತು ಎಂಬುದನ್ನು ಬೇರೆ ಬೇರೆ ಹಡಗುಗಳ ಪುಸ್ತಕಗಳಿಂದ ಎತ್ತಿ ಒಂದೇ ನಕ್ಷೆಯ ಮೇಲೆ ಇಟ್ಟರೆ, ಬಿರುಗಾಳಿ ಸುತ್ತುತ್ತ ಸಾಗುವುದು ಕಣ್ಣಿಗೇ ಕಾಣುತ್ತದೆ. 1839ರಿಂದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಒಂದೊಂದೇ ಬಿರುಗಾಳಿಯ ಕಥೆಯನ್ನು ಹೀಗೆ ಬಿಡಿಸಿ ಬರೆದ. 1848ರಲ್ಲಿ ನಾವಿಕರಿಗಾಗಿ ಕೈಪಿಡಿಯೊಂದನ್ನು ತಂದ. ‘ಸೈಕ್ಲೋನ್’ ಎಂಬ ಹೆಸರು ಅಚ್ಚಿಗೆ ಬಂದದ್ದು ಅದರಲ್ಲೇ. ಪುಸ್ತಕದ ಜೊತೆಗೆ ಕೊಂಬಿನಿಂದ ಮಾಡಿದ ತೆಳುವಾದ ಪಾರದರ್ಶಕ ಹಾಳೆಗಳಿದ್ದವು. ಮೇಲೆ ವೃತ್ತಗಳು, ಗಾಳಿಯ ದಿಕ್ಕಿನ ಬಾಣಗಳು. ಅವನ್ನು ನಕ್ಷೆಯ ಮೇಲಿಟ್ಟು ಸರಿಸಿದರೆ ಬಿರುಗಾಳಿಯ ಕಣ್ಣು ಹಡಗಿನ ಯಾವ ಬದಿಗಿದೆ, ಯಾವ ಕಡೆ ಓಡಬೇಕು ಎಂದು ಕಪ್ತಾನನಿಗೆ ಗೊತ್ತಾಗಬೇಕು.

ಎಲ್ಲವೂ ಹಡಗು ಉಳಿಸುವುದಕ್ಕೆ. ನೆಲದ ಮೇಲಿನವರ ಪಾಡು ಪಿಡಿಂಗ್ಟನ್ನನ ಮುಖ್ಯ ಚಿಂತೆಯಾಗಿರಲಿಲ್ಲ. ಆದರೂ ಹಳೆಯ ಬಿರುಗಾಳಿಗಳನ್ನು ಓದಿ ಓದಿ, ಗಾಳಿಯ ಜೊತೆಗೆ ಉಪ್ಪುನೀರಿನ ಗುಡ್ಡವೂ ಸಾಗುತ್ತದೆ ಎಂಬುದು ಅವನಿಗೆ ಮನದಟ್ಟಾಗಿತ್ತು.

ಅದನ್ನು ಹೇಳುವ ಸಂದರ್ಭ 1853ರಲ್ಲಿ ಬಂತು. ಹೂಗ್ಲಿಯಲ್ಲಿ ಹೂಳು ತುಂಬಿ ಕಲ್ಕತ್ತ ಬಂದರು ಮುಚ್ಚಿಹೋದೀತು ಎಂದು ಹೆದರಿದ ಸರ್ಕಾರ, ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಲು ಹೊರಟಿತ್ತು. ನೀರು ಆಳ, ಕಲ್ಕತ್ತಕ್ಕೆ ಹತ್ತಿರ. ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದ. ಇಲ್ಲಿ ಊರು ಕಟ್ಟಿದರೆ ಎಂದಾದರೊಂದು ದಿನ ಚಂಡಮಾರುತದ ನಡುವೆ ಕಡಲು ಉರುಳಿಕೊಂಡು ಬಂದು ಇಡೀ ಊರನ್ನು 5ರಿಂದ 15 ಅಡಿ ನೀರಿನಲ್ಲಿ ಮುಳುಗಿಸುತ್ತದೆ, ಅದಕ್ಕೆ ಸಿದ್ಧರಾಗಿರಬೇಕು ಎಂಬುದು ಪತ್ರದ ಸಾರ. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ರೈಲು ಹಾದಿ ಹಾಕಿತು, ಜೆಟ್ಟಿ ಕಟ್ಟಿತು, ಮುಂದಿನ ಗವರ್ನರ್ ಜನರಲ್ಲನ ಹೆಸರನ್ನೇ ಊರಿಗಿಟ್ಟಿತು. ಪೋರ್ಟ್ ಕ್ಯಾನಿಂಗ್‌ನಲ್ಲಿ ನಿವೇಶನದ ವ್ಯಾಪಾರವೂ ಭರಾಟೆಯಿಂದ ನಡೆಯಿತು. ಪಿಡಿಂಗ್ಟನ್ 1858ರಲ್ಲಿ ತೀರಿಕೊಂಡ. 1867ರ ನವೆಂಬರ್ 1ರ ರಾತ್ರಿ ಸುಮಾರು 6 ಅಡಿ ನೀರು ಬಂದರಿಗೆ ನುಗ್ಗಿತು. ಐದಾರು ವರ್ಷದೊಳಗೆ ಬಂದರಿನ ಬಾಗಿಲು ಮುಚ್ಚಿತು. ಇವತ್ತು ಕ್ಯಾನಿಂಗ್ ಎಂದರೆ ಸುಂದರಬನಕ್ಕೆ ಹೋಗುವವರು ಸಿಯಾಲ್ದಾದಿಂದ ಬಂದು ಇಳಿಯುವ ಲೋಕಲ್ ರೈಲಿನ ಕೊನೆಯ ನಿಲ್ದಾಣ.

ಪತ್ರ ಬರೆಯುವಾಗ ಅವನ ಕೈಯಲ್ಲಿ ಕಂಪ್ಯೂಟರೂ ಇಲ್ಲ, ಉಪಗ್ರಹವೂ ಇಲ್ಲ. ಇದ್ದದ್ದು ಹಿಂದೆ ಆದದ್ದರ ಪಟ್ಟಿ ಮಾತ್ರ.

1864 ಕೆಟ್ಟ ವರ್ಷ. ಅಕ್ಟೋಬರ್ 5ರಂದು ಕಲ್ಕತ್ತಕ್ಕೆ, ತಿಂಗಳೊಳಗೆ ಕೃಷ್ಣಾ ನದೀಮುಖದ ಮಚಲಿಪಟ್ಟಣಕ್ಕೆ ಕಡಲು ನುಗ್ಗಿತು. ಮಚಲಿಪಟ್ಟಣದ ಕಡೆ ಒಂದೇ ರಾತ್ರಿ ಸುಮಾರು 30 ಸಾವಿರ ಜನ ಹೋದರು. ಹೂಗ್ಲಿಯ ಬಾಯಲ್ಲಿರುವ ಸಾಗರ ದ್ವೀಪದ ಐದೂವರೆ ಸಾವಿರ ಜನರಲ್ಲಿ ಉಳಿದವರು ಹೆಚ್ಚುಕಡಿಮೆ ಒಂದೂವರೆ ಸಾವಿರ. ಕಲ್ಕತ್ತ ಬಂದರಿನಲ್ಲಿ ಹಡಗುಗಳು ಸರಪಳಿ ಹರಿದುಕೊಂಡು ಒಂದರ ಮೇಲೊಂದು ಬಿದ್ದವು. ಸರ್ಕಾರಕ್ಕೆ ನೋವು ತಟ್ಟಿದ್ದು ಅಲ್ಲಿ. ಗ್ಯಾಸ್ಟ್ರೆಲ್ ಮತ್ತು ಹೆನ್ರಿ ಬ್ಲ್ಯಾನ್‌ಫೋರ್ಡ್ ಎಂಬಿಬ್ಬರು ಹಡಗಿನ ಪುಸ್ತಕ, ಜಿಲ್ಲಾಧಿಕಾರಿಗಳ ಪತ್ರ, ನೀರು ನಿಂತ ಗುರುತು ಎಲ್ಲವನ್ನೂ ಸೇರಿಸಿ 1866ರಲ್ಲಿ ವರದಿ ಕೊಟ್ಟರು. ಬಂದರುಗಳಿಗೆ ಬಿರುಗಾಳಿ ಮುನ್ಸೂಚನೆ ಕೊಡುವ ಏರ್ಪಾಡು ಆಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಬ್ಲ್ಯಾನ್‌ಫೋರ್ಡನೇ ಅದರ ಮೊದಲ ಮುಖ್ಯಸ್ಥ. ನಡುವೆ ಎರಡು ಸಲ ಮಳೆ ಕೈಕೊಟ್ಟದ್ದೂ ಇಲಾಖೆ ಹುಟ್ಟಲು ಕಾರಣ ಎನ್ನುವುದನ್ನು ಮರೆಯಬಾರದು.

ಮರುವರ್ಷವೇ ಪರೀಕ್ಷೆ. 1876ರ ಅಕ್ಟೋಬರ್ 31ರ ನಡುರಾತ್ರಿ ಮೇಘನಾ ನದಿಯ ಬಾಯಲ್ಲಿ, ಈಗಿನ ಬಾಂಗ್ಲಾದೇಶದ ಬಾಕರ್‌ಗಂಜ್ ಸೀಮೆಯಲ್ಲಿ ಸುಮಾರು ಒಂದು ಲಕ್ಷ ಜನ ಮುಳುಗಿ ಸತ್ತರು. ಹತ್ತಿರ ಹತ್ತಿರ ಅಷ್ಟೇ ಜನ ಆಮೇಲಿನ ಕಾಲರಾಕ್ಕೆ ಮತ್ತು ಹಸಿವಿಗೆ ಬಲಿಯಾದರು. ಮನೆಯ ಸುತ್ತಲಿನ ಮುಳ್ಳುಮರಗಳಿಗೆ ಸಿಕ್ಕಿಕೊಂಡವರು ಬದುಕಿದರು. ವರದಿ ಬರೆದ ಜಾನ್ ಎಲಿಯಟ್ ಒಂದು ಮುಖ್ಯ ಅಂಶ ಹಿಡಿದ. ಆವತ್ತು ಹುಣ್ಣಿಮೆ. ಹುಣ್ಣಿಮೆಯ ದೊಡ್ಡ ಉಬ್ಬರ, ಸಮುದ್ರಕ್ಕೆ ಇಳಿಯಲಾಗದೆ ತಡೆದು ನಿಂತ ನದಿನೀರು, ಚಂಡಮಾರುತ ತಳ್ಳಿ ತಂದ ನೀರು, ಮೂರೂ ಒಂದೇ ಗಳಿಗೆಯಲ್ಲಿ ಕೂಡಿದ್ದವು.

ಇಲ್ಲಿ ಕೊಂಚ ನಿಂತು, ಈ ನೀರು ಏರುವುದು ಹೇಗೆ ಎಂದು ನೋಡಬೇಕು. ಚಂಡಮಾರುತದ ನಡುವೆ ಗಾಳಿಯ ಒತ್ತಡ ಕಡಿಮೆ. ಒಂದು ಮಿಲಿಬಾರ್ ಇಳಿದರೆ ಸಮುದ್ರ ಒಂದು ಸೆಂಟಿಮೀಟರಿನಷ್ಟು ಉಬ್ಬುತ್ತದೆ. ಒತ್ತಡ 50 ಮಿಲಿಬಾರ್ ಬಿದ್ದರೂ ಅದರ ಪಾಲು ಅರ್ಧ ಮೀಟರ್ ಅಷ್ಟೇ. ಉಳಿದದ್ದೆಲ್ಲ ಗಾಳಿಯ ನೂಕು. ಸಾಸರಿಗೆ ಸುರಿದ ಚಹಾ ಊದಿದರೆ ಅಂಚು ದಾಟಿ ಚೆಲ್ಲುತ್ತದೆ. ಚೊಂಬಿನ ನೀರಿಗೆ ಎಷ್ಟು ಊದಿದರೂ ಅಲುಗಿದರೆ ಹೆಚ್ಚು. ಬಂಗಾಳ ಕೊಲ್ಲಿಯ ಉತ್ತರ ತುದಿ ಸಾಸರಿನ ಹಾಗೆ ಆಳವಿಲ್ಲದ್ದು, ಮೇಲಾಗಿ ಕಿರಿದಾಗುತ್ತ ಹೋಗುವಂಥದ್ದು. ತಳ್ಳಿದ ನೀರು ಅಡಿಯಿಂದ ವಾಪಸು ಹರಿಯಲು ಜಾಗವಿಲ್ಲ. ನಮ್ಮ ಗೋಳಾರ್ಧದಲ್ಲಿ ಚಂಡಮಾರುತ ನೆಲ ಮುಟ್ಟುವಾಗ ಅದರ ಹಾದಿಯ ಬಲಗಡೆಯ ಗಾಳಿ ಕಡಲಿಂದ ದಡಕ್ಕೆ ಬೀಸುತ್ತದೆ. ಎಡಗಡೆಯ ಊರಿನಲ್ಲಿ ಹೆಂಚು ಹಾರಿದರೆ ಬಲಗಡೆಯ ಊರೇ ಮುಳುಗಬಹುದು. ಅದೇ ಚಂಡಮಾರುತ ಆರು ಗಂಟೆ ತಡವಾಗಿ, ಇಳಿತದ ಹೊತ್ತಿಗೆ ಬಂದರೆ ಲೆಕ್ಕವೇ ಬೇರೆ. ಆದ್ದರಿಂದ ‘ಬಹಳ ನೀರು ಬಂತು’ ಎಂಬ ಬರಹದಿಂದ ವಿಜ್ಞಾನಿಗೆ ಉಪಯೋಗ ಕಡಿಮೆ. ಎಷ್ಟು ಗಂಟೆಗೆ, ಎಲ್ಲಿಗೆ, ಎಷ್ಟು ಎತ್ತರ ಎಂಬ ಮೂರು ಬೇಕು.

ಆ ಮೂರನ್ನೂ ತಾನೇ ಬರೆಯುವ ಯಂತ್ರ ಆಗಲೇ ನಮ್ಮ ಬಂದರುಗಳಿಗೆ ಬರತೊಡಗಿತ್ತು. ಉಬ್ಬರಮಾಪಕ. ಸಮುದ್ರಕ್ಕೆ ಕೊಳವೆಯಿಂದ ಜೋಡಿಸಿದ ಒಂದು ಬಾವಿ, ಅದರಲ್ಲಿ ತೇಲುವ ಬುಂಡೆ. ಬುಂಡೆಯ ತಂತಿ ರಾಟೆಯ ಮೇಲೆ ಹಾದು ಪೆನ್ಸಿಲನ್ನು ಆಡಿಸುತ್ತದೆ. ಗಡಿಯಾರ ತಿರುಗಿಸುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಹಗಲೂ ರಾತ್ರಿಯೂ ನೀರಿನ ಏರಿಳಿತ ಗೆರೆಯಾಗಿ ಮೂಡುತ್ತದೆ. ಸರ್ವೆ ಇಲಾಖೆ ಇದನ್ನು ಇಟ್ಟದ್ದು ಪ್ರವಾಹ ಅಳೆಯುವುದಕ್ಕಲ್ಲ. ಬೆಟ್ಟ, ಊರು, ರೈಲು ನಿಲ್ದಾಣಗಳ ಎತ್ತರ ಹೇಳಲು ಸಮುದ್ರಮಟ್ಟ ಎಂಬ ಸೊನ್ನೆ ಬೇಕಿತ್ತು. ಹಡಗುಗಳಿಗೆ ಉಬ್ಬರದ ವೇಳಾಪಟ್ಟಿ ಬೇಕಿತ್ತು. ಆ ಸೊನ್ನೆಯನ್ನು ಕೊಟ್ಟ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದಿರುತ್ತದಲ್ಲ, ಆ ಲೆಕ್ಕದ ಬುಡದಲ್ಲಿ ಕಾರವಾರದ ಕಡಲೂ ಇದೆ.

1881ರ ಡಿಸೆಂಬರ್ 31ರ ಬೆಳಿಗ್ಗೆ ಕಾರ್ ನಿಕೋಬಾರ್ ದ್ವೀಪದ ಬಳಿ ಭೂಮಿ ಕಂಪಿಸಿತು. ಬಂಗಾಳ ಕೊಲ್ಲಿಯ ಸುತ್ತಲಿನ ಮಾಪಕಗಳ ಕಾಗದದಲ್ಲಿ ನುಣುಪಾದ ಉಬ್ಬರದ ಗೆರೆ ಇದ್ದಕ್ಕಿದ್ದಂತೆ ಗರಗಸದ ಹಲ್ಲಾಯಿತು. ದಡದಲ್ಲಿ ದೊಡ್ಡ ಅನಾಹುತವೇನೂ ಆಗದ ಕಾರಣ ವಿಷಯ ಅಲ್ಲಿಗೇ ಮುಗಿಯಿತು. ಗೆರೆಗಳು ವರದಿಯೊಳಗೆ ಸೇರಿ ಮಲಗಿದವು. ನೂರಿಪ್ಪತ್ತು ವರ್ಷದ ನಂತರ ಅವನ್ನು ಎಬ್ಬಿಸಿದವರು ಮತ್ತೆ ಬಿಲ್ಹಮ್, ಜೊತೆಗೆ ಮೋಡೆಸ್ಟೊ ಓರ್ಟಿಜ್. ಆಗ ದೇಶಕ್ಕೆಲ್ಲ ಒಂದೇ ಗಡಿಯಾರ ಇರಲಿಲ್ಲ. ಊರೂರಿನ ಸಮಯವನ್ನು ಹೊಂದಿಸಿಕೊಂಡು, ಅಲೆ ಎಲ್ಲೆಲ್ಲಿಗೆ ಯಾವಾಗ ಮುಟ್ಟಿತೆಂದು ನೋಡಿ, ಕಂಪನದ ತೀವ್ರತೆ 7.9 ಎಂದು ತೀರ್ಮಾನಿಸಿದರು. ಅತಿ ದೊಡ್ಡ ಏರಿಳಿತ, 1.2 ಮೀಟರ್, ದಾಖಲಾಗಿದ್ದದ್ದು ನಾಗಪಟ್ಟಣದಲ್ಲಿ. ಈ ಪ್ರಬಂಧ ಅಚ್ಚಾದದ್ದು 2003ರಲ್ಲಿ. ಮರುವರ್ಷ ಡಿಸೆಂಬರ್ 26ರ ಸುನಾಮಿಯಲ್ಲಿ ನಾಗಪಟ್ಟಣ ಜಿಲ್ಲೆಯೊಂದರಲ್ಲೇ 6 ಸಾವಿರಕ್ಕೂ ಹೆಚ್ಚು ಜನ ಸತ್ತರು. ಪ್ರಬಂಧ ಭವಿಷ್ಯವನ್ನೇನೂ ನುಡಿದಿರಲಿಲ್ಲ. ಆದರೆ ಆ ದಿಕ್ಕಿನಿಂದ ಆ ಊರಿಗೆ ಅಲೆ ಬರುವುದುಂಟು ಎಂಬ ದಾಖಲೆ ನಮ್ಮದೇ ಇಲಾಖೆಯ ಕಡತದಲ್ಲಿ 1881ರಿಂದಲೂ ಇತ್ತು. ನನಗೆ ಈ ಇಡೀ ಕಥೆಯಲ್ಲಿ ಅತಿ ಕಸಿವಿಸಿ ಮಾಡುವ ಸಂಗತಿ ಇದು.

ಕಡತದಿಂದ ಮುನ್ಸೂಚನೆಗೆ ದಾಟಲು ಇನ್ನೊಂದು ಮಹಾದುರಂತ ಬೇಕಾಯಿತು. 1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತ ಅಂದಿನ ಪೂರ್ವ ಪಾಕಿಸ್ತಾನದಲ್ಲಿ ಕಡಿಮೆಯೆಂದರೂ 3 ಲಕ್ಷ ಜನರನ್ನು ಕೊಂದಿತು. 1737ರ ಸುಳ್ಳು ಅಂಕಿ ಈ ಸಲ ನಿಜವೇ ಆಯಿತು. 1972ರಲ್ಲಿ ಹವಾಮಾನ ವಿಜ್ಞಾನಿ ಪಿ. ಕೆ. ದಾಸ್ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎಬ್ಬಿಸುವ ಉಬ್ಬರವನ್ನು ಗಣಿತದಿಂದ ಮುಂಚಿತವಾಗಿ ಹೇಳುವ ಮಾದರಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ದೆಹಲಿ ಐಐಟಿಯಲ್ಲಿ ಶಿಶಿರ್ ದುಬೆ ಮತ್ತು ಸಂಗಡಿಗರು ಅದನ್ನು ಬೆಳೆಸಿದರು. ಇಂಥ ಮಾದರಿ ಸರಿಯಿದೆಯೇ ಎಂದು ತಿಳಿಯುವ ದಾರಿ ಒಂದೇ. ಹಿಂದೆ ಬಂದ ಚಂಡಮಾರುತವೊಂದನ್ನು ಅದಕ್ಕೆ ಉಣಿಸಿ, ಅದು ಹೇಳುವ ನೀರಿನ ಎತ್ತರ ಆವತ್ತು ಗೋಡೆಯ ಮೇಲೆ ಉಳಿದ ಗುರುತಿಗೆ ಹೊಂದುತ್ತದೆಯೇ ಎಂದು ನೋಡುವುದು. ಮಾದರಿ ಬಂದ ಮೇಲೂ 1977ರಲ್ಲಿ ಆಂಧ್ರದ ದಿವಿಸೀಮೆ, 1999ರಲ್ಲಿ ಒಡಿಶಾದ ಎರ್ಸಮಾ ಚಂಡಮಾರುತಕ್ಕೆ ಸಿಕ್ಕವು. ಎರಡೂ ಕಡೆ ಸತ್ತವರು 10 ಸಾವಿರದ ಆಸುಪಾಸು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಲಾಗಿತ್ತು, ಸಾವು ಹತ್ತುಗಳ ಲೆಕ್ಕಕ್ಕೆ ಇಳಿಯಿತು. ಯಾವ ಹಳ್ಳಿ ಬಿಡಿಸಬೇಕು, ಯಾವುದನ್ನು ಬಿಡಿಸಬೇಕಿಲ್ಲ ಎಂದು ಹೇಳುವ ಧೈರ್ಯದ ಹಿಂದೆ ಪಿಡಿಂಗ್ಟನ್ನನ ಕಾಲದಿಂದ ಕೂಡಿಟ್ಟ ಲೆಕ್ಕವೂ ಇದೆ.

ನಮ್ಮ ಕರಾವಳಿಗೆ ಬಂಗಾಳ ಕೊಲ್ಲಿಯ ಶಾಪವಿಲ್ಲ ನಿಜ. ಆದರೂ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಪಕ್ಕದಲ್ಲೇ ಹಾದುಹೋದಾಗ ಉಳ್ಳಾಲದಿಂದ ಉತ್ತರ ಕನ್ನಡದವರೆಗೆ ಮನೆ, ರಸ್ತೆ, ತೆಂಗಿನಮರ ಕಡಲ ಪಾಲಾದವು. ಪ್ರತಿ ಮಳೆಗಾಲದ ಕಡಲ್ಕೊರೆತದ ಸುದ್ದಿಯಲ್ಲಿ ಬಿದ್ದ ಮನೆ ಎಷ್ಟು, ಭೇಟಿ ಕೊಟ್ಟ ಶಾಸಕರು ಯಾರು, ಸುರಿದ ಕಲ್ಲು ಎಷ್ಟು ಲೋಡು ಎಂಬುದೆಲ್ಲ ಇರುತ್ತದೆ. ನೀರು ಎಷ್ಟು ಗಂಟೆಗೆ ಯಾವ ಮನೆಯ ಯಾವ ಮೆಟ್ಟಿಲು ಮುಟ್ಟಿತು ಎಂಬುದು ಇರುವುದಿಲ್ಲ. ಬಂದರಿನ ಮಾಪಕ ಬಂದರಿನ ನೀರನ್ನಷ್ಟೇ ಬಲ್ಲದು. ಹತ್ತು ಕಿಲೋಮೀಟರ್ ಆಚೆಯ ಕೇರಿಯ ವಿಷಯ ಅದಕ್ಕೆ ತಿಳಿಯದು.

ಆದ್ದರಿಂದ ಕರಾವಳಿಯ ಓದುಗರಲ್ಲಿ ಒಂದು ಕೋರಿಕೆ. ಈ ಸಲ ಕಡಲು ಅಂಗಳಕ್ಕೆ ಬಂದರೆ ಮೊದಲು ಜೀವ ಉಳಿಸಿಕೊಳ್ಳಿ. ನೀರು ಇಳಿದ ಮೇಲೆ, ಗೋಡೆಗೆ ಸುಣ್ಣ ಬಳಿಯುವ ಮೊದಲು, ಕೆಸರಿನ ಗೆರೆ ಎಲ್ಲಿವರೆಗೆ ಇದೆ ನೋಡಿ. ಅಲ್ಲಿ ಉಳಿಯಿಂದ ಒಂದು ಗೀರು ಹಾಕಿ, ಪಕ್ಕದಲ್ಲಿ ತಾರೀಕು ಮತ್ತು ಗಂಟೆ ಬರೆಯಿರಿ. ಒಂದು ಫೋಟೊ ತೆಗೆದು, ಪಂಚಾಯಿತಿಗೆ ಕೊಡುವ ಪರಿಹಾರದ ಅರ್ಜಿಯ ಜೊತೆಗೆ ಲಗತ್ತಿಸಿ.