ಬೆತ್ತ ಹೋಯಿತು, ಬೆಲೆ ಬಂದಿತು

ಜೂನ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಊರುಗಳಲ್ಲಿ ಎರಡು ದೂರುಗಳು ಕಿವಿಗೆ ಬೀಳತೊಡಗುವವು. ಶಿಕ್ಷಕರ ಕೋಣೆಯಿಂದ ಹೊರಡುವ ದೂರು, ಈಗಿನ ಹುಡುಗರು ಹೇಳಿದ ಮಾತು ಕೇಳುವದಿಲ್ಲವೆಂಬದು. ಮನೆಯ ಕಟ್ಟೆಯ ಮೇಲೆ ಹುಟ್ಟುವ ದೂರು, ಮಕ್ಕಳನ್ನು ಕಾಲೇಜಿಗೆ ಕಳಿಸುವ ಶಕ್ತಿ ಇನ್ನು ತಮಗಿಲ್ಲವೆಂಬದು. ಮೊದಲನೆಯದನ್ನು ಶಿಸ್ತಿನ ಪ್ರಶ್ನೆಯೆಂದೂ ಎರಡನೆಯದನ್ನು ಹಣದ ಪ್ರಶ್ನೆಯೆಂದೂ ಬೇರೆ ಬೇರೆ ಕಟ್ಟಿಡುವದು ನಮ್ಮ ರೂಢಿಯಾಗಿದೆ. ಆದರೆ ಸ್ವಲ್ಪ ಸಾವಧಾನದಿಂದ ನೋಡಿದರೆ ಇವೆರಡೂ ಒಂದೇ ಬೇರಿನ ಎರಡು ಚಿಗುರುಗಳೆಂಬದು ತಿಳಿದೀತು.

ಮೊದಲು ಶಿಸ್ತಿನ ಮಾತನ್ನೇ ಎತ್ತಿಕೊಳ್ಳೋಣ. ಹಿಂದಿನ ಕಾಲದ ಗಾಂವಠಿ ಶಾಲೆಗಳನ್ನೂ ಕೂಲಿಮಠಗಳನ್ನೂ ಹೊಗಳಿ ನಿಟ್ಟುಸಿರಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಐಗಳು ಒಮ್ಮೆ ಗದರಿದರೆ ಮಠವೆಲ್ಲ ಗಪ್ಪಾಗುತ್ತಿತ್ತು, ನಿಜ. ಮರಳಿನ ಮೇಲೆ ಅಕ್ಷರ ತಿದ್ದಿ, ಒಕ್ಕೊರಲಿನಿಂದ ಮಗ್ಗಿ ಹೇಳಿ, ಲೆಕ್ಕಪತ್ರಗಳಲ್ಲಿ ನುರಿತು ಬಂದವರೂ ಉಂಟು. ಆದರೆ ಪಾಠ ತಪ್ಪಿದ ಹುಡುಗನಿಗೆ ಅಲ್ಲಿ ಕೋದಂಡವೆಂಬ ಶಿಕ್ಷೆಯಿತ್ತು; ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿಸಿ ಅವನನ್ನು ನೇತುಬಿಡುತ್ತಿದ್ದರು. ಕಲಿತು ದೊಡ್ಡವರಾದವರು ಆ ಶಿಕ್ಷೆಯನ್ನು ನೆನೆದು ನಗಬಲ್ಲರು. ಅದಕ್ಕೆ ಹೆದರಿ ಹೊಲದ ದಾರಿ ಹಿಡಿದು ತಿರುಗಿ ಬಾರದ ಹುಡುಗರ ಲೆಕ್ಕವನ್ನು ಯಾವ ಐಗಳೂ ಬರೆದಿಡಲಿಲ್ಲ. ಉಳಿದವರನ್ನು ನೋಡಿ ಪದ್ಧತಿಯನ್ನು ಕೊಂಡಾಡುವದು, ದಡ ಸೇರಿದವರನ್ನು ನೋಡಿ ಒಡಕು ದೋಣಿಯನ್ನು ಹೊಗಳಿದಂತೆ.

ಬಾಯಿ ಮುಚ್ಚಿ ಕುಳಿತಿರುವದೇ ಶಿಸ್ತಿನ ಪರಮಾವಧಿಯಾಗಿದ್ದರೆ, 1942ರಲ್ಲಿ ನಮ್ಮ ಶಾಲೆ ಕಾಲೇಜುಗಳ ಹುಡುಗರು ಬೆಂಚು ಬಿಟ್ಟು ಏಳುತ್ತಲೇ ಇರಲಿಲ್ಲ. ಆ ವರುಷ ಹುಬ್ಬಳ್ಳಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದ ನಾರಾಯಣ ಡೋಣಿಯು ಇನ್ನೂ ಶಾಲೆಯ ಬಾಲಕ. ಅವನನ್ನು ಅಶಿಸ್ತಿನ ಹುಡುಗನೆಂದು ಕರೆಯುವ ಕನ್ನಡಿಗನು ಇಂದು ಯಾರಿದ್ದಾನೆ? ಶಿಸ್ತೆಂಬದು ಭಯದ ಕೂಸಲ್ಲ, ವಿವೇಕದ ಕೂಸು. ತನಗಿಂತ ದೊಡ್ಡದೊಂದಕ್ಕೆ ತಾನಾಗಿ ತಲೆಬಾಗುವದೇ ಅದರ ತಿರುಳು.

ಈ ದೃಷ್ಟಿಯಿಂದ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಒಂದು ಒಳ್ಳೆಯ ಕೆಲಸವನ್ನು ಮಾಡಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಾಯಿದೆಯ 17ನೆಯ ಕಲಮು, ಮಗುವನ್ನು ಹೊಡೆಯುವದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವದನ್ನೂ ನಿಷೇಧಿಸಿತು. ಬೆತ್ತವನ್ನು ಕಸಿದುಕೊಂಡದ್ದು ಸರಿಯೇ. ಆದರೆ ಅದರ ಬದಲಿಗೆ ಶಿಕ್ಷಕನ ಕೈಗೆ ಏನನ್ನು ಕೊಟ್ಟೆವು? ಅದೇ ಕಾಯಿದೆಯು ಪ್ರಾಥಮಿಕ ವರ್ಗಗಳಲ್ಲಿ 30 ಮಕ್ಕಳಿಗೆ, ಹಿರಿಯ ಪ್ರಾಥಮಿಕ ವರ್ಗಗಳಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕನಿರಬೇಕೆಂದು ವಿಧಿಸಿದೆ. ಒಂದೇ ಕೋಣೆಯಲ್ಲಿ ಎರಡು ಮೂರು ಇಯತ್ತೆಗಳ ಮಕ್ಕಳನ್ನು ಕೂಡಿಸಿಕೊಂಡು, ನಡುನಡುವೆ ಗಣತಿಯ ಕಾಗದ, ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸಗಳನ್ನು ಹೊತ್ತ ಶಿಕ್ಷಕನಿಗೆ ಮಗುವಿನ ಮನಸ್ಸನ್ನು ಅರಿಯಿರೆಂದು ಉಪದೇಶಿಸುವದು ಸುಲಭ. ಕಾಯಿದೆಯ ಒಂದು ಅಂಗವನ್ನು ಬಿಗಿಯಾಗಿಯೂ ಇನ್ನೊಂದನ್ನು ಸಡಿಲಾಗಿಯೂ ಹಿಡಿದರೆ ದೋಷವು ಶಿಕ್ಷಕನ ತಲೆಗೇ ಬರುವದು.

ಬೆತ್ತವಿಲ್ಲದೆ ವರ್ಗವನ್ನು ನಡೆಸಲಾಗದೆಂಬ ಮಾತೂ ನಿಜವಲ್ಲ. ನಾವು ಬಲ್ಲ ಹಿರಿಯ ಶಿಕ್ಷಕಿಯೊಬ್ಬರು ವರುಷದ ಮೊದಲ ವಾರದಲ್ಲಿಯೇ ಪ್ರತಿಯೊಬ್ಬ ಮಗುವಿನ ಹೆಸರನ್ನೂ ಮನೆಯ ಸ್ಥಿತಿಯನ್ನೂ ತಿಳಿದುಕೊಳ್ಳುವರು. ನಿಯಮಗಳು ನಾಲ್ಕೇ, ಆದರೆ ಆ ನಾಲ್ಕು ಸಾಹುಕಾರನ ಮಗನಿಗೂ ಕೂಲಿಯವಳ ಮಗನಿಗೂ ಒಂದೇ. ಗಂಟೆ ಬಾರಿಸುವ ಮೊದಲೇ ಹಲಗೆಯ ಮೇಲೆ ಲೆಕ್ಕವನ್ನು ಬರೆದಿಟ್ಟಿರುವದರಿಂದ ಒಳಗೆ ಬಂದ ಹುಡುಗನಿಗೆ ಗದ್ದಲ ಮಾಡಲು ಬಿಡುವೇ ಇರುವದಿಲ್ಲ. ಹೊಗಳುವದು ಎಲ್ಲರೆದುರು, ತಿದ್ದುವದು ಏಕಾಂತದಲ್ಲಿ. ತಾಯಿತಂದೆಗಳನ್ನು ಕರೆಸುವದು ದೂರು ಹೇಳುವದಕ್ಕೆ ಮಾತ್ರವಲ್ಲ, ಒಳ್ಳೆಯ ಸುದ್ದಿ ಹೇಳುವದಕ್ಕೂ. ಇದರಲ್ಲಿ ಪವಾಡವೇನೂ ಇಲ್ಲ. ಆದರೆ ಇದಕ್ಕೆ ಸಮಯ ಬೇಕು, ಒಂದೇ ಶಾಲೆಯಲ್ಲಿ ನೆಲೆ ನಿಲ್ಲುವ ಭರವಸೆ ಬೇಕು, ಊರವರ ಮನ್ನಣೆ ಬೇಕು.

ಕಾಲೇಜುಗಳಲ್ಲಿ ಕಾಣದಾಗಿರುವದು ಈ ನೆಲೆಯೇ. ನಮ್ಮ ನಾಡಿನ ಸರಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಜನರು “ಅತಿಥಿ ಉಪನ್ಯಾಸಕ”ರೆಂಬ ಹೆಸರಿನಿಂದ ವರುಷ ವರುಷವೂ ಹೊಸದಾಗಿ ನೇಮಕವಾಗುತ್ತ ದುಡಿಯುತ್ತಿದ್ದಾರೆ. ಅತಿಥಿಯೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಇರುವ ಗೌರವವನ್ನು ನೆನೆದರೆ ಈ ಹೆಸರು ವಿನೋದದಂತೆ ತೋರುವದು. ಮುಂದಿನ ವರುಷ ತಾನು ಇಲ್ಲಿರುವೆನೋ ಇಲ್ಲವೋ ಎಂದು ತಿಳಿಯದ ಗುರುವಿನ ಮಾತಿಗೆ, ಅದನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಯು ಎಷ್ಟು ಬೆಲೆ ಕೊಟ್ಟಾನು? ಖಾಸಗಿ ಸಂಸ್ಥೆಗಳ ಕಥೆ ಇನ್ನೊಂದು ಬಗೆ. ಹಾಜರಿ ಕಡಿಮೆಯಾದರೆ ದಂಡ, ತಡವಾದರೆ ದಂಡ, ಗುರುತಿನ ಚೀಟಿ ಮರೆತರೆ ದಂಡ. ದಂಡವನ್ನು ತೆರಬಲ್ಲವನಿಗೆ ಅದು ಶಿಕ್ಷೆಯಲ್ಲ, ರಜೆಯ ಬೆಲೆ. ತೆರಲಾರದವನಿಗೆ ಅದು ಮನೆಯ ಊಟದಿಂದ ಕಿತ್ತ ತುತ್ತು. ಹೀಗೆ ಬೆತ್ತವು ಹೋದ ಸ್ಥಾನಕ್ಕೆ ಬೆಲೆಯು ಬಂದು ಕುಳಿತಿದೆ. ಇಲ್ಲಿಯೇ ನಮ್ಮ ಎರಡೂ ದೂರುಗಳು ಸಂಧಿಸುವವು.

ವಿದ್ಯೆಗೆ ಈ ಬೆಲೆ ಯಾವಾಗಿನಿಂದ ಬಂದಿತು? ನಮ್ಮ ಹಿರಿಯರ ಕಾಲದಲ್ಲಿಯೂ ವಿದ್ಯೆ ಪುಕ್ಕಟೆ ಇರಲಿಲ್ಲ. ಬಡತನವಂತೂ ಇಂದಿಗಿಂತ ಘೋರವಾಗಿತ್ತು. ಆದರೆ ಬಡ ಹುಡುಗನೊಬ್ಬನು ಧಾರವಾಡಕ್ಕೋ ಮೈಸೂರಿಗೋ ಓದಲು ಬಂದರೆ ವಾರದ ಏಳು ದಿನ ಏಳು ಮನೆಗಳು ಅವನಿಗೆ ಊಟ ಹಾಕುತ್ತಿದ್ದವು. ಆ ವಾರಾನ್ನದಲ್ಲಿ ಜಾತಿಯ ಗೆರೆಯಿತ್ತು, ಹಂಗಿನ ನೋವಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆ ಕೊರತೆಯನ್ನು ತುಂಬಲು ಮಠಗಳೂ ಸಮಾಜದ ಮುಖಂಡರೂ ಉಚಿತ ಪ್ರಸಾದನಿಲಯಗಳನ್ನು ತೆರೆದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಅದೇ ವರುಷ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. 2019ರಲ್ಲಿ ಶಿವೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಅನ್ನ, ವಸತಿ, ಅಕ್ಷರಗಳನ್ನು ಬೆಲೆಯಿಲ್ಲದೆ ಪಡೆದರು. ವಿದ್ಯೆಯ ವೆಚ್ಚವು ಊರಿನ ವೆಚ್ಚವೆಂಬ ಭಾವನೆ ಅಂದು ಇತ್ತು.

1953ರಲ್ಲಿ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈ ಅವರು ಖಾಸಗಿಯಾಗಿ ವೈದ್ಯಕೀಯ ಕಾಲೇಜನ್ನು ತೆರೆದದ್ದು ಸಾಹಸದ ಕೆಲಸವೇ. ಸರಕಾರವು ಮಾಡಲಾಗದ್ದನ್ನು ಜನರು ಮಾಡಬಲ್ಲರೆಂಬದನ್ನು ಅದು ತೋರಿಸಿತು. ಆದರೆ ಆ ದಾರಿಯಲ್ಲಿ ಅನಂತರ ಬಂದವರೆಲ್ಲರೂ ಸೇವಾಸಕ್ತರಾಗಿರಲಿಲ್ಲ. ತಲೆಗಂದಾಯದ ಹಾವಳಿ ಮಿತಿಮೀರಿದ್ದರಿಂದ 1984ರಲ್ಲಿ ಕರ್ನಾಟಕವು ಅದನ್ನು ನಿಷೇಧಿಸುವ ಕಾಯಿದೆಯನ್ನು ಮಾಡಬೇಕಾಯಿತು. 1989ರಲ್ಲಿ ಸರಕಾರವೇ ಹೊರಡಿಸಿದ ಪ್ರಕಟಣೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಪಾಲಿನ ಸೀಟಿಗೆ ವರುಷಕ್ಕೆ 2,000 ರೂಪಾಯಿ, ಉಳಿದ ಕನ್ನಡನಾಡಿನವರಿಗೆ 25,000, ಹೊರನಾಡಿನವರಿಗೆ 60,000ದ ವರೆಗೆ ಫೀ ಗೊತ್ತಾಯಿತು. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಇದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದಳು. 1992ರಲ್ಲಿ ನ್ಯಾಯಾಲಯವು ಶಿಕ್ಷಣವು ಬದುಕುವ ಹಕ್ಕಿನ ಒಂದು ಅಂಗವೆಂದೂ ತಲೆಗಂದಾಯವು ಸಲ್ಲದೆಂದೂ ತೀರ್ಪಿತ್ತಿತು.

ಆ ಹಿಗ್ಗು ಬಹುಕಾಲ ಉಳಿಯಲಿಲ್ಲ. ಉಚಿತ ಶಿಕ್ಷಣದ ಹಕ್ಕು 14 ವರುಷದ ವರೆಗೆ ಮಾತ್ರ, ಆಮೇಲೆ ಅದು ಸರಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದು 1993ರ ತೀರ್ಪು ಹೇಳಿತು. 2002ರಲ್ಲಿ ಹನ್ನೊಂದು ಜನ ನ್ಯಾಯಮೂರ್ತಿಗಳ ಪೀಠವು, ನೆರವು ಪಡೆಯದ ಸಂಸ್ಥೆಗಳು ತಮ್ಮ ಫೀಯನ್ನು ತಾವೇ ಗೊತ್ತುಪಡಿಸಬಹುದು, ಸಂಸ್ಥೆಯ ಬೆಳವಣಿಗೆಗಾಗಿ ಮಿತವಾದ ಉಳಿತಾಯವನ್ನೂ ಮಾಡಬಹುದು, ಆದರೆ ಲಾಭಕೋರತನವೂ ತಲೆಗಂದಾಯವೂ ಕೂಡದು ಎಂದಿತು. ಶಿಕ್ಷಣ ಹಕ್ಕಿನ ಕಾಯಿದೆಯ ಗಡಿಯೂ ಅದೇ, 6ರಿಂದ 14 ವರುಷ. ವಾಚಕರು ಇದನ್ನು ಲಕ್ಷಿಸಬೇಕು. ಬೆತ್ತದಿಂದ ಕಾಯುವ ಆ ಕಲಮೂ ಬೆಲೆಯಿಂದ ಕಾಯುವ ಹಕ್ಕೂ ಒಂದೇ ಹೊಸ್ತಿಲಿನಲ್ಲಿ ನಿಂತುಬಿಡುವವು. ಹುಡುಗನ ಮನಸ್ಸು ಕೆರಳುವ, ಮನೆಯ ಗಂಟು ಕರಗುವ ವಯಸ್ಸು ಅಲ್ಲಿಂದಲೇ ಆರಂಭವಾಗುವದು.

ಸಾಲದ ಸೌಕರ್ಯವಿದೆಯಲ್ಲ ಎಂದು ಕೆಲವರು ಕೇಳಬಹುದು. 2001ರಿಂದ ಬ್ಯಾಂಕುಗಳ ಮಾದರಿ ಯೋಜನೆಯಿದೆ. 2009ರಲ್ಲಿ, ಓದಿನ ಅವಧಿಯ ಬಡ್ಡಿಯನ್ನು ಬಡವರ ಮಕ್ಕಳ ಪರವಾಗಿ ಕೇಂದ್ರ ಸರಕಾರವು ಹೊರುವ ವ್ಯವಸ್ಥೆ ಬಂದಿತು. 2024ರಲ್ಲಿ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಜಾಮೀನಿಲ್ಲದ ಸಾಲದ ಯೋಜನೆಗೆ ಒಪ್ಪಿಗೆ ದೊರೆಯಿತು. ಇವೆಲ್ಲ ಉಪಕಾರವೇ. ಆದರೆ ಸಾಲವು ವಿದ್ಯಾರ್ಥಿವೇತನವಲ್ಲ. ಸಾಲದ ಹೊರೆ ಹೊತ್ತ ಹುಡುಗನು ತನಗೆ ಒಲಿದ ಶಾಸ್ತ್ರವನ್ನು ಬಿಟ್ಟು, ಬೇಗ ಸಂಬಳ ತರುವದನ್ನು ಹಿಡಿಯುವನು. ಹೊಲ ಮಾರಿ ಕಳಿಸಿದ ತಂದೆಯ ಮಗನು ವರ್ಗದಲ್ಲಿ ತಿಳಿಯದ್ದನ್ನು ಕೇಳಲೂ ಅಂಜುವನು. ನಪಾಸಾದರೆ ಊರಿಗೆ ಮುಖ ತೋರಿಸಲಾರನು. ಅವನ ಪಕ್ಕದಲ್ಲಿಯೇ ಸೀಟನ್ನು ಕೊಂಡು ಬಂದವನು ಕುಳಿತು, ಗುರುವನ್ನು ತನ್ನ ಸಂಬಳದ ಆಳಿನಂತೆ ಕಾಣುವನು. ಒಬ್ಬನಲ್ಲಿ ಅಂಜಿಕೆ, ಇನ್ನೊಬ್ಬನಲ್ಲಿ ಉದ್ಧಟತನ. ಎರಡಕ್ಕೂ ಕಾರಣ ಒಂದೇ: ವಿದ್ಯೆಯು ಪೇಟೆಯ ಸರಕಾದದ್ದು.

ಖಾಸಗಿ ಸಂಸ್ಥೆಗಳಿಗೆ ವೆಚ್ಚವಿಲ್ಲವೆ, ಸರಕಾರದ ಬೊಕ್ಕಸವು ಅಕ್ಷಯಪಾತ್ರೆಯೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕಟ್ಟಡ, ಪ್ರಯೋಗಶಾಲೆ, ಸಂಬಳಗಳಿಗೆ ಹಣ ಬೇಕೇ ಬೇಕು. ಆದರೆ ರಾಷ್ಟ್ರೀಯ ಆದಾಯದ ನೂರಕ್ಕೆ 6 ಪಾಲು ಶಿಕ್ಷಣಕ್ಕೆ ಸಲ್ಲಬೇಕೆಂದು ಕೊಠಾರಿ ಆಯೋಗವು 1966ರಲ್ಲಿಯೇ ಹೇಳಿತು. 1968ರ ನೀತಿಯು ಅದನ್ನು ಒಪ್ಪಿತು, 2020ರ ನೀತಿಯು ಮತ್ತೆ ಅದನ್ನೇ ಗುರಿಯೆಂದು ಬರೆಯಿತು. ಅರ್ಧ ಶತಮಾನಕ್ಕೂ ಮೇಲ್ಪಟ್ಟು ಒಂದೇ ಸಂಕಲ್ಪವನ್ನು ಮತ್ತೆ ಮತ್ತೆ ಬರೆಯುವದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಅಧಿಕಾರದಲ್ಲಿರುವವರು ಮೊದಲು ತೆರವಾದ ಶಿಕ್ಷಕರ ಸ್ಥಾನಗಳನ್ನು ಕಾಯಮ್ಮಾಗಿ ತುಂಬಲಿ; ನೆಲೆಯುಳ್ಳ ಗುರುವಿನಿಂದಲೇ ನೆಲೆಯುಳ್ಳ ಶಿಸ್ತು. ಎರಡನೆಯದಾಗಿ, ಪ್ರತಿಯೊಂದು ಕಾಲೇಜೂ ಪ್ರವೇಶದ ಮುನ್ನವೇ ಪೂರ್ತಿ ಅವಧಿಯ ಎಲ್ಲ ವೆಚ್ಚವನ್ನು ಕನ್ನಡದಲ್ಲಿ ಬಾಗಿಲ ಮುಂದೆ ಹಚ್ಚಲಿ. ಪಾವತಿಯಿಲ್ಲದೆ ಒಂದು ರೂಪಾಯಿಯೂ ಕೈ ಬದಲಾಗದಿರಲಿ. 1984ರ ಕಾಯಿದೆಯು ಪುಸ್ತಕದಲ್ಲಿದೆ; ಅದನ್ನು ನಡೆಸುವ ಅಧಿಕಾರಿಗೆ ಬೇಕಾದದ್ದು ಮನಸ್ಸು. ಮೂರನೆಯದು ನಾಗರಿಕರಾದ ನಮ್ಮ ಪಾಲಿನದು. ಲಗ್ನ ಮುಂಜಿವೆಗಳಿಗೆ ಸಾವಿರಾರು ಜನರಿಗೆ ಉಣಬಡಿಸುವ ಊರುಗಳು ಜಾತಿಮತಗಳ ಗೆರೆಯಿಲ್ಲದ ಒಂದೊಂದು ವಸತಿಗೃಹವನ್ನು ನಡೆಸಲಾರವೆ? ಏಳು ಜನ ಶಿಕ್ಷಕರು ಒಂದು ಸಂಸ್ಥೆಯನ್ನು ಕಟ್ಟಿದ ನಾಡಿನಲ್ಲಿ ಏಳು ನೂರು ಜನ ಸ್ಥಿತಿವಂತರು ಕೂಡಿ ಏಳು ಹುಡುಗರನ್ನು ಓದಿಸಲಾರೆವೆಂದರೆ ಯಾರು ನಂಬಿಯಾರು?

ಹುಡುಗರು ಕೆಟ್ಟರೆಂದು ಹೇಳುವ ಮುನ್ನ ನಾವು ಅವರ ಮುಂದೆ ಯಾವ ಮಾದರಿಯನ್ನು ಇಟ್ಟಿದ್ದೇವೆಂಬದನ್ನು ನೋಡಿಕೊಳ್ಳೋಣ. ಸೀಟಿಗೆ ಬೆಲೆ ಕಟ್ಟಿದವರು ನಾವು, ಗುರುವನ್ನು ವರುಷದ ಅತಿಥಿಯನ್ನಾಗಿ ಮಾಡಿದವರೂ ನಾವೇ. ಬೆಲೆ ಕೊಟ್ಟು ಕೊಂಡದ್ದಕ್ಕೆ ಯಾರೂ ಕೈ ಮುಗಿಯುವದಿಲ್ಲ. ವಿದ್ಯೆಯನ್ನು ಮತ್ತೊಮ್ಮೆ ಊರಿನ ಸೊತ್ತನ್ನಾಗಿ ಮಾಡಿದ ದಿನ, ವರ್ಗದಲ್ಲಿ ಬೆತ್ತವೂ ಬೇಡ, ದಂಡವೂ ಬೇಡ. ಗುರುವು ಒಳಗೆ ಬಂದಾಗ ಹುಡುಗರು ತಾವಾಗಿ ಎದ್ದು ನಿಲ್ಲುವರು.