ರಿಕ್ಟರ್ ಪರಿವರ್ತನೆ: ಮಂದಗತಿಯ ರಕ್ತಕ್ಯಾನ್ಸರ್ ಉಗ್ರರೂಪ ತಾಳುವ ಬಗೆ

ರಕ್ತದ ಕ್ಯಾನ್ಸರುಗಳೆಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಉದ್ಭವಿಸುವ ದೀರ್ಘಕಾಲಿಕ ಲಿಂಫೊಸೈಟಿಕ್ ಲ್ಯುಕೇಮಿಯವು ಬಹುಮಟ್ಟಿಗೆ ವೃದ್ಧರ ಕಾಯಿಲೆ. ಬೇರಾವುದೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಇದು ಅನಿರೀಕ್ಷಿತವಾಗಿ ಪತ್ತೆಯಾಗುವುದುಂಟು. ತೊಂದರೆಗಳಿಲ್ಲದವರಿಗೆ ಔಷಧ ಕೊಡದೆ ನಿಯತವಾಗಿ ಪರೀಕ್ಷಿಸುತ್ತಿರುವುದೇ ವಾಡಿಕೆ. ಹೀಗೆ ಹಲವು ವರ್ಷಗಳು ಕಳೆಯಬಹುದು. ಆದರೆ ಇಂತಹ ರೋಗಿಗಳಲ್ಲಿ ನೂರಕ್ಕೆ ಸುಮಾರು 2ರಿಂದ 10 ಮಂದಿಯಲ್ಲಿ ಕಾಯಿಲೆಯು ಶೀಘ್ರವಾಗಿ ಬೆಳೆಯುವ ಲಿಂಫೋಮವಾಗಿ ಮಾರ್ಪಡುತ್ತದೆ. 1928ರಲ್ಲಿ ಇಂತಹ ಪ್ರಸಂಗವೊಂದನ್ನು ವರ್ಣಿಸಿದ ಅಮೆರಿಕದ ರೋಗಶಾಸ್ತ್ರಜ್ಞ ಮಾರಿಸ್ ರಿಕ್ಟರ್ ಅವರ ಹೆಸರು ಈ ಪರಿವರ್ತನೆಗೆ ಅಂಟಿಕೊಂಡಿದೆ. ಭೂಕಂಪದ ಮಾಪಕಕ್ಕೆ ಹೆಸರಾದ ರಿಕ್ಟರ್ ಬೇರೆಯವರು.

ಕೋಶವು ವಿಭಜನೆಗೊಳ್ಳುವಾಗಲೆಲ್ಲ ಅದರ ಡಿಎನ್‌ಎಯಲ್ಲಿ ಪ್ರಮಾದಗಳು ನುಸುಳಬಹುದು. ಹಾನಿಗೊಂಡ ಕೋಶವನ್ನು ತಡೆದು ನಿಲ್ಲಿಸುವ ಟಿಪಿ53 ವಂಶವಾಹಿ ಕೆಟ್ಟಾಗ, ಅಥವಾ ಕೋಶಚಕ್ರಕ್ಕೆ ಕಡಿವಾಣವಾದ ಸಿಡಿಕೆಎನ್2ಎ ಕಳೆದುಹೋದಾಗ, ಆ ಕೋಶದ ಸಂತತಿಯು ಉಳಿದವನ್ನು ಹಿಂದಿಕ್ಕಿ ಬೆಳೆಯುತ್ತದೆ. ನಾಚ್1 ಮತ್ತು ಮಿಕ್ ವಂಶವಾಹಿಗಳ ವ್ಯತ್ಯಯಗಳೂ ಇದಕ್ಕೆ ನೆರವಾಗುತ್ತವೆ.

ಇಂತಹ ಬದಲಾವಣೆ ಕಾಯಿಲೆಯ ಕೊನೆಯ ಘಟ್ಟದಲ್ಲಿ ಮಾತ್ರ ಘಟಿಸುತ್ತದೆಂದು ಊಹಿಸುವುದು ಸಹಜ. ಬಾರ್ಸಿಲೋನಾದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಊಹೆಯನ್ನು ಅಲುಗಿಸಿತು. ಉಗ್ರ ಲಿಂಫೋಮದ ಗುರುತುಗಳನ್ನು ಹೊತ್ತ ಅತ್ಯಲ್ಪ ಸಂಖ್ಯೆಯ ಕೋಶಗಳು ಲ್ಯುಕೇಮಿಯ ಪತ್ತೆಯಾದ ಕಾಲಕ್ಕೇ ಇದ್ದವು. ಒಬ್ಬ ರೋಗಿಯಲ್ಲಿ ಪರಿವರ್ತನೆಗೆ 19 ವರ್ಷಗಳ ಮುಂಚೆಯೇ. ಬೀಜ ಹಳೆಯದು, ಮೊಳಕೆ ಮಾತ್ರ ತಡವಾದದ್ದು. ಈ ಲೇಖಕನ ದೃಷ್ಟಿಯಲ್ಲಿ, 'ಪರಿವರ್ತನೆ' ಎಂಬ ಪದಕ್ಕಿಂತ 'ಆಯ್ಕೆ' ಎಂಬುದೇ ಇಲ್ಲಿ ಹೆಚ್ಚು ಸಮರ್ಪಕ.

ಎಲ್ಲ ಪ್ರಸಂಗಗಳೂ ಹೀಗಲ್ಲ ಎಂಬುದು ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯ. ಪ್ರತಿಯೊಂದು ಬಿ ಕೋಶವೂ ಪ್ರತಿಕಾಯವನ್ನು ತಯಾರಿಸಲು ವಂಶವಾಹಿಯ ತುಣುಕುಗಳನ್ನು ತನ್ನದೇ ರೀತಿಯಲ್ಲಿ ಜೋಡಿಸಿಕೊಂಡಿರುತ್ತದೆ. ಅದು ಆ ಕೋಶದ ಕುಲಚಿಹ್ನೆಯಿದ್ದಂತೆ. ಲಿಂಫೋಮದ ಚಿಹ್ನೆಯನ್ನು ಮೂಲ ಲ್ಯುಕೇಮಿಯದ ಚಿಹ್ನೆಯೊಡನೆ ಹೋಲಿಸಿದಾಗ ಸುಮಾರು ಐದರಲ್ಲಿ ನಾಲ್ಕು ಪಾಲು ಪ್ರಸಂಗಗಳಲ್ಲಿ ಅವು ಒಂದೇ ಆಗಿರುತ್ತವೆ. ಉಳಿದವು ಅದೇ ದೇಹದಲ್ಲಿ ಸ್ವತಂತ್ರವಾಗಿ ಹುಟ್ಟಿದ ಎರಡನೆಯ ಕ್ಯಾನ್ಸರುಗಳು. ಈ ಎರಡನೆಯ ಬಗೆಯು ಸಾಮಾನ್ಯ ಲಿಂಫೋಮದಂತೆ ಕಿಮೋಥೆರಪಿಗೆ ಮಣಿಯುವ ಸಂಭವ ಹೆಚ್ಚು. ಮೊದಲನೆಯದು ಮಣಿಯುವುದು ಕಡಿಮೆ, ಮಣಿದರೂ ಬೇಗ ಮರುಕಳಿಸುತ್ತದೆ. ಲ್ಯುಕೇಮಿಯದ ಚಿಕಿತ್ಸೆಯನ್ನೇ ಬದಲಿಸಿದ ಇಬ್ರುಟಿನಿಬ್‌ನಂತಹ ಮಾತ್ರೆಗಳೂ ಇಲ್ಲಿ ದೀರ್ಘಕಾಲದ ಫಲ ನೀಡಿಲ್ಲ.

ಒಂದು ದುಗ್ಧಗ್ರಂಥಿ ಮಾತ್ರ ಥಟ್ಟನೆ ಊದಿಕೊಳ್ಳುವುದು, ಕಾರಣವಿಲ್ಲದ ಜ್ವರ, ತೂಕ ಇಳಿಯುವುದು, ರಕ್ತದಲ್ಲಿ ಎಲ್‌ಡಿಎಚ್ ಪ್ರಮಾಣ ಏರುವುದು ಇವು ಸಂಶಯ ಮೂಡಿಸಬೇಕಾದ ಲಕ್ಷಣಗಳು. ಆದರೆ ಇವುಗಳಿಂದಲೇ ನಿರ್ಣಯವಾಗದು. ಪೆಟ್ ಸ್ಕ್ಯಾನ್‌ನಲ್ಲಿ ಅತ್ಯಂತ ಪ್ರಖರವಾಗಿ ಕಾಣುವ ಗ್ರಂಥಿಯನ್ನೇ ಆರಿಸಿ, ಸಾಧ್ಯವಾದರೆ ಇಡಿಯಾಗಿ ತೆಗೆದು ಪರೀಕ್ಷಿಸಬೇಕು. ಸೂಜಿಯಿಂದ ಹೀರಿದ ಕೆಲವು ಕೋಶಗಳು ಇದಕ್ಕೆ ಸಾಲವು. ಪಕ್ಕದ ಗ್ರಂಥಿಯಲ್ಲಿ ಹಳೆಯ, ಸೌಮ್ಯ ಕಾಯಿಲೆಯೇ ಇನ್ನೂ ಇರಬಹುದು.